ಓದಾಕ ಹೊರದೇಶಕ್ಕ ಹೋದಾಗ ಪೂಜಿ, ಪ್ರಾರ್ಥನಿ, ಎದುರಿಗೆ ಕೂತು ಕೇಳೋ ಸಂಗೀತ: ಗೊತ್ತಿದ್ದವರು ಬರೀರಿ

ಉಣಕಲ್_ಕೆರಿ
ಆಗಸ್ಟ್, ಸಪ್ಟೆಂಬರ್ ಬಂತಂದ್ರ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡಿಂದ ಎಂ.ಎಸ್., ಪಿಎಚ್.ಡಿ. ಅಂತ ಹೊಂಟ ಹುಡುಗರು, ಹುಡುಗ್ಯಾರು ಅದದ ಪ್ರಶ್ನಿ ಕೇಳ್ತಾರ. ಹಾಸ್ಟೆಲ್ ಖೋಲ್ಯಾಗ ಪೂಜಿ ಹೆಂಗ? ಇಲ್ಲೆ ಮಠದಾಗ ಭಜನಿ, ಸಂಗೀತ ಕೇಳಿ ಬೆಳೆದ ಕಿವಿಗೆ ಅಲ್ಲಿ ಏನು ಸಿಗತೈತಿ? ಚರ್ಚಿನೊಳಗ ನಾವು ಹೋಗಬಹುದೇನು? ತಬಲಾ, ತಂಬೂರಿ ಒಯ್ಯೋದು ಹೆಂಗ? ಎಲ್ಲಾ ಒಂದ ಕಡೆ ಇರಲಿ ಅಂತ ಈ ಚರ್ಚೆ ಶುರು ಮಾಡೀನಿ. ದೇಶ, ಊರು ಹೆಸರು ಹೇಳಿ ಬರೀರಿ. ಒಟ್ಟಾರೆ ಮಾತು ಬ್ಯಾಡ, ಮಾಡಾಕ ಬರೋವಂಥಾದ್ದು ಬೇಕು.

ಸಾಧನಕೇರಿ
ಇಂಗ್ಲೆಂಡಿಗೆ ಹೋಗೋವರಿಗೆ ಮೊದಲ ಮಾತು ಒಂದೇ: ಇವನ್‌ಸಾಂಗ್ ಕೇಳ್ರಿ. ಸಂಜಿ ಪ್ರಾರ್ಥನಿ ಅದು, ಸುಮಾರು 45 ನಿಮಿಷ, ಪೂರ್ತಿ ಉಚಿತ. ಹಗಲು ಪ್ರವಾಸಿಗರಿಂದ ಭಾರೀ ರೊಕ್ಕ ತೊಗೊಳ್ಳೋ ಲಂಡನ್ನಿನ ದೊಡ್ಡ ಚರ್ಚುಗಳು, ವೆಸ್ಟ್‌ಮಿನ್‌ಸ್ಟರ್ ಅಬೆ, ಸೇಂಟ್ ಪಾಲ್ಸ್ ಕೆಥೆಡ್ರಲ್ ಸುದ್ದಾ ಈ ಹೊತ್ತಿಗೆ ಟಿಕೆಟ್ ಕೇಳೂದಿಲ್ಲ. ಬಾಗಲದಾಗ ನಿಂತವರಿಗೆ ‘ಇವನ್‌ಸಾಂಗಿಗೆ ಬಂದೇವಿ’ ಅಂದ್ರ ಸಾಕು, ಬ್ಯಾರೆ ಪಾಳಿಗೆ ಕಳಸ್ತಾರ.

ವಾರದ ದಿನ ಸಾಮಾನ್ಯವಾಗಿ 5 ಅಥವಾ 5:30ಕ್ಕ ಶುರು. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜ್ ಚಾಪೆಲ್‌ನ್ಯಾಗ (ಕಾಲೇಜಿನ ಸ್ವಂತ ಚರ್ಚು) ಚೊಲೊ ಜಾಗ ಬೇಕಂದ್ರ ಮುಕ್ಕಾಲು ತಾಸು ಮೊದಲ ಪಾಳಿ ಹಚ್ರಿ. ಕಾಲೇಜ್ ಚಾಪೆಲ್‌ಗಳ ಗಾಯಕರು ಬಹುತೇಕ ವಿದ್ಯಾರ್ಥಿಗಳು, ಹಿಂಗಾಗಿ ಹೆಚ್ಚಾಗಿ ಟರ್ಮ್ (ಪಾಠದ ಅವಧಿ) ನಡೆದಾಗ ಅಷ್ಟೇ ಹಾಡ್ತಾರ. ಕೇಂಬ್ರಿಜ್, ಆಕ್ಸ್‌ಫರ್ಡ್‌ದಾಗ ಟರ್ಮ್ ಅಂದ್ರ ಬರೇ ಎಂಟು ವಾರ. ಅಕ್ಟೋಬರ್ ನಡುವ ಮುಟ್ಟಿ, ‘ಪರೀಕ್ಷಾ ಮುಗದ ಮ್ಯಾಲ ಡಿಸೆಂಬರ್‌ನ್ಯಾಗ ಹೋಗೋಣು’ ಅಂತ ಬಿಟ್ರ ಚಾಪೆಲ್ ಹೆಚ್ಚಾಗಿ ಖಾಲಿ ಇರ್ತದ. ಕೆಥೆಡ್ರಲ್‌ಗಳು ಹಂಗಲ್ಲ, ವರ್ಷದ ಬಹುಭಾಗ ಹಾಡಿರ್ತದ. ಆಗಸ್ಟ್‌ನ್ಯಾಗ ಅವರ ಗಾಯಕರಿಗೆ ಸೂಟಿ, ಬ್ಯಾರೆ ಊರಿನ ಕಾಯರ್ (ಗಾಯಕರ ತಂಡ) ಬಂದು ಹಾಡ್ತಾವ.

ಒಳಗ ನಡಿಯೋ ಕ್ರಮ ಗೊತ್ತಿದ್ರ ಅರ್ಧ ಗಾಬರಿ ಕಡಿಮಿ. ಬಹುತೇಕ ಕಡೆ 1662ರ ಪ್ರಾರ್ಥನಾ ಪುಸ್ತಕದ ಕ್ರಮಾನೇ ಇಂದಿಗೂ. ಪಾದ್ರಿ ಒಂದು ಸಾಲು ಹಾಡಿದ್ರ ಕಾಯರ್ ಉತ್ತರ ಕೊಡ್ತದ. ಆಮ್ಯಾಲ ಕೀರ್ತನಿ, ಹಳೇ ಒಡಂಬಡಿಕೆಯ ಓದು, ಮ್ಯಾಗ್ನಿಫಿಕಾಟ್ (ಮರಿಯಳ ಸ್ತುತಿಗೀತ), ಹೊಸ ಒಡಂಬಡಿಕೆಯ ಓದು, ನುಂಕ್ ಡಿಮಿಟಿಸ್ (ಸಿಮೆಯೋನನ ಗೀತ), ವಿಶ್ವಾಸ ಪ್ರಮಾಣ, ಪ್ರಾರ್ಥನಿ, ಕಡೀಕೆ ಆಂಥೆಮ್ ಅನ್ನೋ ದೊಡ್ಡ ಹಾಡು. ಎಲ್ಲಾರೂ ಎದ್ದಾಗ ಏಳ್ರಿ, ಕೂತಾಗ ಕೂಡ್ರಿ. ವಿಶ್ವಾಸ ಪ್ರಮಾಣದ ಹೊತ್ತಿಗೆ ಮಂದಿ ಪೂರ್ವಕ್ಕ ತಿರುಗ್ತಾರ. ನೀವು ಸುಮ್ಮನ ನಿಂತ್ರ ಸಾಕು, ಬಾಯಿಲೆ ಹೇಳಬೇಕಂತಿಲ್ಲ. ಚಪ್ಪಾಳಿ ಮಾತ್ರ ಎಲ್ಲೂ ಇಲ್ಲ.

ಕಾಯರ್ ಎದುರಾಬದುರು ಎರಡು ಸಾಲಿನಾಗ ನಿಂದರ್ತದ. ಕೀರ್ತನಿಯ ಒಂದು ಚರಣ ಆ ಕಡಿಯವರು, ಮುಂದಿನದು ಈ ಕಡಿಯವರು. ನಮ್ಮ ಊರಾಗ ಗುಡಿ ಕಟ್ಟೀ ಮ್ಯಾಲ ಎರಡು ಪಂಗಡ ಕೂತು ಭಜನಿ ಮಾಡಿದ್ಹಂಗ. ಅದಕ್ಕ ಜಾಗ ಸಿಕ್ರ ಗಾಯಕರ ಹಿಂದಿನ ಕಟ್ಟಿಗಿ ಆಸನದಾಗ, ಅಂದ್ರ ಕಾಯರ್ ಸ್ಟಾಲ್ಸ್‌ನ್ಯಾಗ, ಕೂಡ್ರಿ. ದೂರ ಕೂತ್ರ ಕಲ್ಲಿನ ಮಾಳಿಗಿಯ ಪ್ರತಿಧ್ವನಿಯೊಳಗ ಎರಡೂ ಕಡಿ ಕಲಸಿ ಒಂದ ಆಗ್ತದ, ಶಬ್ದ ಬಿಡಿಸಿ ಕೇಳಂಗಿಲ್ಲ.

ಹಾನಗಲ್_ರಸ್ತೆ
ಉಪಯುಕ್ತ ಮಾಹಿತಿ, ಧನ್ಯವಾದ. ಒಂದು ಸಂಶಯ. ಬರೀ ಹಾಡು ಕೇಳೋಕೆ ಇನ್ನೊಬ್ಬರ ಪ್ರಾರ್ಥನೆಯಲ್ಲಿ ಹೋಗಿ ಕೂರುವುದು ಸರಿಯೇ? ನಾಳೆ ನಮ್ಮ ಮಠದಲ್ಲಿ ಮಹಾಮಂಗಳಾರತಿ ಹೊತ್ತಿಗೆ ಯಾರಾದರೂ ಬಂದು ತಬಲಾ ಕೇಳಿ ಎದ್ದು ಹೋದರೆ ನಮಗೆ ಹೇಗನಿಸುತ್ತದೆ?

ಬೆಟಗೇರಿ_ಕಾಯರ್
ಹಾನಗಲ್ ಅವರೇ, ಪ್ರಶ್ನೆ ಸರಿಯಾಗಿಯೇ ಇದೆ. ಬರುವವರು ಯಾವ ಧರ್ಮದವರೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಬರಬಹುದು. ಆದರೆ ಬಂದ ಮೇಲೆ ಅದು ಆರಾಧನೆ ಎಂದೇ ನಡೆದುಕೊಳ್ಳಬೇಕು. ನಡುವೆ ಎದ್ದು ಹೋಗುವುದು, ಮೊಬೈಲಿನಲ್ಲಿ ಹಿಡಿಯುವುದು, ಬಲಿಪೀಠದ ಕಟಕಟೆ ದಾಟುವುದು, ಇವು ಮೂರೂ ಸಲ್ಲ. ಆಂಥೆಮ್ ಮುಗಿದೊಡನೆ ಹೊರಡುವ ಪ್ರವಾಸಿಗರು ಅಲ್ಲಿನವರಿಗೆ ನಿಜಕ್ಕೂ ನೋವು ಕೊಡುತ್ತಾರೆ. ಅದರ ನಂತರವೂ ಪ್ರಾರ್ಥನೆ ಇರುತ್ತದೆ, ಕೊನೆಗೆ ಆರ್ಗನ್ ವಾದನವೂ ಇರುತ್ತದೆ. ಆರ್ಗನ್ ಮುಗಿಯುವವರೆಗೆ ಕುಳಿತು ಕೇಳುವುದು ಆರ್ಗನ್ ನುಡಿಸುವವರಿಗೂ ಮರ್ಯಾದೆ.

ಇವನ್‌ಸಾಂಗ್‌ನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವುದಿಲ್ಲ. ಹೀಗಾಗಿ ಬೇರೆ ಧರ್ಮದವರಿಗೆ ಮುಜುಗರವಿಲ್ಲದ ಆರಾಧನೆ ಅದೇ. ಭಾನುವಾರ ಬೆಳಗಿನ ಆರಾಧನೆಗೆ ಹೋದರೆ ಪ್ರಭು ಭೋಜನ, ಅಂದರೆ ಆ ರೊಟ್ಟಿ, ದ್ರಾಕ್ಷಾರಸ ಹಂಚುವುದು, ಇರಬಹುದು. ಸಾಲಿನವರೆಲ್ಲ ಎದ್ದು ಮುಂದೆ ಹೋಗುವಾಗ ನೀವು ಕಾಲು ಸರಿಸಿ ದಾರಿ ಬಿಟ್ಟು ಅಲ್ಲೇ ಕೂತಿರಿ. ಯಾರೂ ತಪ್ಪು ತಿಳಿಯುವುದಿಲ್ಲ. ಆಂಗ್ಲಿಕನ್ (ಇಂಗ್ಲೆಂಡಿನ ಅಧಿಕೃತ ಪಂಥದ) ಚರ್ಚುಗಳಲ್ಲಿ ಮುಂದೆ ಹೋಗಿ ಎರಡೂ ಕೈ ಎದೆಯ ಮೇಲೆ ಅಡ್ಡ ಇಟ್ಟುಕೊಂಡರೆ ರೊಟ್ಟಿ ಕೊಡದೆ ಆಶೀರ್ವಾದ ಮಾತ್ರ ಮಾಡುತ್ತಾರೆ. ಆ ರೊಟ್ಟಿಯನ್ನು ಪ್ರಸಾದ ಎಂದು ಭಾವಿಸಿ ಕೈಯೊಡ್ಡಬೇಡಿ. ಸ್ನಾನದೀಕ್ಷೆ (ಬ್ಯಾಪ್ಟಿಸಂ) ಪಡೆದವರಿಗಷ್ಟೇ ಅದು.

ನಮ್ಮ ಭಾಗದ ಕ್ರೈಸ್ತ ಮಕ್ಕಳಿಗೆ ಇನ್ನೊಂದು ಮಾತು. ಸ್ವಿಟ್ಸರ್ಲೆಂಡಿನ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ನಮ್ಮ ಸಭೆಗಳಲ್ಲಿ ಕನ್ನಡ ಮಾತಿನಲ್ಲಿ ಹಾಡುವ ಎಷ್ಟೋ ಕೀರ್ತನೆಗಳ ರಾಗ ಜರ್ಮನ್ ಕೋರಾಲ್‌ಗಳದ್ದೇ (ಸಭೆಯೆಲ್ಲ ಹಾಡುವ ಚರ್ಚ್ ಗೀತೆಗಳದ್ದೇ). ಜರ್ಮನಿ, ಸ್ವಿಟ್ಸರ್ಲೆಂಡಿನ ಸಭೆಯಲ್ಲಿ ಹಾಡಿನ ಸಂಖ್ಯೆ ಗೋಡೆಯ ಹಲಗೆಯ ಮೇಲೆ ಇರುತ್ತದೆ. ಪುಸ್ತಕ ತೆಗೆದು ಸ್ವರ ಕೇಳಿದರೆ ಅನೇಕ ರಾಗ ಗುರುತು ಸಿಗುತ್ತವೆ. ಭಾಷೆ ಬಾರದವರು ಕನ್ನಡದಲ್ಲೇ ಮೆಲ್ಲಗೆ ಹಾಡಿದರೂ ರಾಗ ಕೂಡುತ್ತದೆ.

ಲಕ್ಕುಂಡಿ_ಬಾವಿ
ಖೋಲ್ಯಾಗಿನ ಪೂಜಿ ಬಗ್ಗೆ ನಾ ಬರೀತೀನಿ. ಗಂಡಾಂತರ ಎಲ್ಲಾ ಇರೋದು ಹೊಗಿಯೊಳಗ.

ಹಾಸ್ಟೆಲ್ ಮಾಳಿಗಿಗೆ ಹಚ್ಚಿದ ಹೊಗಿ ಸೂಚಕದಾಗ ಒಂದು ಸಣ್ಣ ಕತ್ತಲ ಗೂಡು, ಅದರಾಗ ಒಂದು ಬೆಳಕಿನ ಕಿರಣ ಇರತೈತಿ. ಹೊಗಿ ಕಣ ಒಳಗ ಹೊಕ್ಕು ಆ ಬೆಳಕು ಚದುರಿದ ಕೂಡಲೇ ಗಂಟಿ ಹೊಡೀತೈತಿ. ಊದಿನಕಡ್ಡಿ ಹೊಗಿ, ಲೋಬಾನ, ಒಗ್ಗರಣಿ ಹೊಗಿ, ಬೆಂಕಿ ಹತ್ತಿದ ಹೊಗಿ, ಯಾವುದಕ್ಕೂ ಅದಕ್ಕ ಫರಕ್ ಗೊತ್ತಾಗೂದಿಲ್ಲ. ಕಿಟಕಿ ತಗದ್ರೂ ಹೊಗಿ ಮೊದಲ ಮ್ಯಾಲಕ್ಕ ಹೋಗತೈತಿ, ಸೂಚಕ ಇರೋದೂ ಅಲ್ಲೇ. ಭಾಳ ಕಟ್ಟಡದಾಗ ಒಂದು ಖೋಲಿ ಗಂಟಿ ಹೊಡದ್ರ ಇಡೀ ಕಟ್ಟಡದ ಮಂದಿ ನಡುರಾತ್ರ್ಯಾಗ ಕೆಳಗ ಇಳೀಬೇಕು. ದಂಡ, ನೋಟಿಸು ಬ್ಯಾರೆ. ಕೆಲವರು ಸೂಚಕಕ್ಕ ಪ್ಲಾಸ್ಟಿಕ್ ಸುತ್ತತಾರ. ಅದು ಊದಿನಕಡ್ಡಿಗಿಂತ ದೊಡ್ಡ ತಪ್ಪು. ಖೋಲಿ ಬಿಡಸ್ತಾರ.

ಇಷ್ಟಲಿಂಗ ಪೂಜಿ ಮಾಡೋವರಿಗೆ ಈ ತೊಂದರಿ ಇಲ್ಲಾ. ಎಡಗೈ ಮ್ಯಾಲ ಲಿಂಗ, ನೀರು, ವಿಭೂತಿ, ಒಂದೆರಡು ಹೂವು, ದೃಷ್ಟಿ ಇಟ್ಟು ಕೂತ್ರ ಆತು. ಬೆಂಕಿ ಬೇಕಂತಿಲ್ಲ. ಆರತಿ ಬಿಡಾಕ ಆಗದವರು ಬ್ಯಾಟರಿ ದೀಪ ಇಟ್ಕೋರಿ. ಮೇಣಬತ್ತಿ ಸುದ್ದಾ ಭಾಳ ಹಾಸ್ಟೆಲ್‌ನ್ಯಾಗ ನಿಷೇಧ.

ವಿಭೂತಿ ಪುಡಿ ಬ್ಯಾಡ, ಗಟ್ಟಿ ಒಯ್ರಿ. ಶಿವಯೋಗಮಂದಿರದ ಗಟ್ಟಿ ನಮ್ಮ ಕಡೆ ಎಲ್ಲಾ ಸಿಗತಾವ. ಅಮೆರಿಕ, ಆಸ್ಟ್ರೇಲಿಯಾ ವಿಮಾನಕ್ಕ ಕೈಚೀಲದಾಗ 350 ಮಿಲಿಲೀಟರ್‌ಗಿಂತ ಹೆಚ್ಚು ಪುಡಿ ಇದ್ರ ತಡೀತಾರ. ಬಿಳಿ ಪುಡಿ ಅಂದ್ರ ಪರೀಕ್ಷಾನೂ ಹೆಚ್ಚು. ಗಟ್ಟಿಯನ್ನ ಒಂದೊಂದ ಕಾಗದದಾಗ ಸುತ್ತಿ, ಸ್ಟೀಲ್ ಡಬ್ಬ್ಯಾಗ ಅರಿವಿ ತುಂಬಿ, ದೊಡ್ಡ ಬ್ಯಾಗಿನಾಗ ಇಡ್ರಿ. ಅರಿವಿ ತುಂಬಲಿಲ್ಲಂದ್ರ ಒಂದಕ್ಕೊಂದು ಬಡದು ಇಳಿಯೋದ್ರಾಗ ಪುಡಿನ ಆಗಿರತಾವ.

ಬೆಳ್ಳಿ ಕರಡಿಗಿ (ಇಷ್ಟಲಿಂಗದ ಡಬ್ಬಿ) ಹಾಕ್ಕೊಂಡವರಿಗೆ ಲೋಹ ತಪಾಸಣಿ ಬಾಗಲು ಸಪ್ಪಳ ಮಾಡತೈತಿ. ಪಾಳಿ ಬರೋಕಿಂತ ಮೊದಲ ಅಧಿಕಾರಿಗೆ ‘ಇದು ಧಾರ್ಮಿಕ ವಸ್ತು, ಮೈಮ್ಯಾಲಿಂದ ತಗಿಯೂದಿಲ್ಲ, ಖಾಸಗಿ ಖೋಲ್ಯಾಗ ಪರೀಕ್ಷಾ ಮಾಡ್ರಿ’ ಅಂತ ಹೇಳ್ರಿ. ಬ್ರಿಟನ್, ಅಮೆರಿಕದಾಗ ಹಂಗ ಕೇಳೋ ಹಕ್ಕು ಐತಿ. ಪ್ರಯಾಣದ ದಿನ ಅರಿವಿಯ ಲಿಂಗವಸ್ತ್ರದಾಗ ಕಟ್ಟಿಕೊಂಡ್ರ ಇನ್ನೂ ಹಗುರ. ಇದಕ್ಕ ಅರ್ಧ ತಾಸು ಹೆಚ್ಚು ಹಿಡೀರಿ.

ನವಲಗುಂದ_ನಾಕಾ
ಲಕ್ಕುಂಡಿ ಅವರ ಮಾತಿಗೆ ಸೇರಿಸೋದು ಅದ. ಕರ್ಪೂರ ಕೈಚೀಲದಾಗೂ ಬ್ಯಾಡ, ದೊಡ್ಡ ಬ್ಯಾಗಿನಾಗೂ ಬ್ಯಾಡ. ಅದು ಬೆಂಕಿ ಹತ್ತೋ ಘನವಸ್ತು, ವಿಮಾನದಾಗ ನಿಷೇಧ. ಒಣ ಕೊಬ್ಬರಿ ಬಟ್ಟಲನೂ ಬ್ಯಾಗಿನಾಗ ಇಡಬ್ಯಾಡ್ರಿ. ಎಣ್ಣಿ ಅಂಶಕ್ಕ ತಾನ ಕಾಯ್ತದ ಅಂತ ತಗದ ಇಡ್ತಾರ. ಪೂಜಿ ಸಾಮಾನಿನ ಪ್ಯಾಕೆಟ್ ಹಂಗ ತಗದ ಹಾಕಿದ್ರ ಅದರಾಗ ಕರ್ಪೂರದ ಪುಡಿಕಿ ಇದ್ದ ಇರ್ತದ, ಬಿಚ್ಚಿ ನೋಡ್ರಿ.

ಧಾರವಾಡ ಪೇಡಾ ಪ್ರಸಾದಕ್ಕ ಅಂತ ಒಯ್ಯೋವರು ಕೇಳ್ರಿ. ಬ್ರಿಟನ್ನಿಗೂ ಯುರೋಪಿಯನ್ ಒಕ್ಕೂಟಕ್ಕೂ ಭಾರತದಿಂದ ಹಾಲಿನ ಪದಾರ್ಥ ಸ್ವಂತ ಸಾಮಾನಿನಾಗ ಒಯ್ಯಂಗಿಲ್ಲ. ಪೇಡಾ, ಕುಂದಾ, ತುಪ್ಪ ಎಲ್ಲಾ ಇದರಾಗ ಬರ್ತಾವ. ಪ್ರಸಾದಕ್ಕ ಕಲ್ಲುಸಕ್ಕರಿ ಒಯ್ರಿ. ಹಸಿ ಬಿಲ್ವಪತ್ರಿಗೂ ಸಸ್ಯಾರೋಗ್ಯ ಪ್ರಮಾಣಪತ್ರ ಬೇಕು. ಆಸ್ಟ್ರೇಲಿಯಾಕ್ಕ ಹೋಗೋವರು ರುದ್ರಾಕ್ಷಿ ಸುದ್ದಾ ಬರದು ತೋರಸ್ರಿ, ಅದು ಬೀಜ. ತೋರಿಸಿದ್ರ ನೋಡಿ ತೀರ್ಮಾನ ಮಾಡ್ತಾರ, ಮುಚ್ಚಿಟ್ರ ದಂಡ.

ತಬಲಾ_ಹಾವೇರಿ
ವಾದ್ಯದ ಮಾತು. ತಬಲಾ ಒಯ್ಯೋದಾದರೆ ಸುತ್ತಿಗೆ ಕೈಚೀಲದಲ್ಲಿ ಇಡಬೇಡಿ, ಭದ್ರತೆಯಲ್ಲಿ ಅಲ್ಲೇ ಬಿಟ್ಟು ಹೋಗಬೇಕಾಗುತ್ತದೆ. ಗಟ್ಟಾಗಳನ್ನು (ಬಾರಿನ ಕೆಳಗಿನ ಕಟ್ಟಿಗೆ ತುಂಡು) ಸ್ವಲ್ಪ ಮೇಲಕ್ಕೆ ಸರಿಸಿ ತೊಗಲಿನ ಬಾರಿನ ಬಿಗಿ ಇಳಿಸಿ. ಪೂರ್ತಿ ಸಡಿಲ ಮಾಡಿದರೆ ಮೇಲಿನ ತೊಗಲಿನ ಹೊದಿಕೆ ಜರುಗುತ್ತದೆ, ಮತ್ತೆ ಕೂರಿಸೋಕೆ ಅಲ್ಲಿ ಕೈಯಿಲ್ಲ. ಕರಣೆಯ (ನಡುವಿನ ಕಪ್ಪು ಭಾಗದ) ಮೇಲೆ ಮೊದಲು ಹತ್ತಿ ಬಟ್ಟೆ, ಅದರ ಮೇಲೆ ರಟ್ಟಿನ ಬಿಲ್ಲೆ. ತಬಲಾ ಕೂರಿಸುವ ಸಿಂಬಿ ಬೇರೆ ಕಟ್ಟಿ.

ನಿಜವಾದ ಶತ್ರು ವಿಮಾನವಲ್ಲ, ಚಳಿಗಾಲದ ಹೀಟರ್. ಹೊರಗಿನ ತಣ್ಣನೆ ಗಾಳಿಯಲ್ಲಿ ನೀರಿನಂಶ ಮೊದಲೇ ಕಡಿಮೆ. ಅದನ್ನು ಕಾಯಿಸಿ ಕೋಣೆಗೆ ಬಿಟ್ಟಾಗ ಆರ್ದ್ರತೆ 25–30 ಪ್ರತಿಶತಕ್ಕೆ ಇಳಿಯುತ್ತದೆ. ತೊಗಲು ಒಣಗಿ ಬಿಗಿಯುತ್ತದೆ, ಸ್ವರ ತಾನೇ ಏರುತ್ತದೆ, ಕರಣೆಯ ಅಂಚಿನಿಂದ ಚೂರು ಏಳುತ್ತದೆ. ಒಮ್ಮೆ ಚೂರು ಎದ್ದರೆ ಆ ತಬಲಾದ ನಾದ ಹೋಯಿತು. ಗಿಟಾರಿಗೆ ಮಾರುವ ಆರ್ದ್ರತೆಯ ಪುಡಿಕೆ ಸಿಗುತ್ತವೆ. 45–50 ಪ್ರತಿಶತದ್ದು ಒಂದು ಚೀಲದೊಳಗೆ ಹಾಕಿ ಜಿಪ್ ಮುಚ್ಚಿಡಿ. ರೇಡಿಯೇಟರ್ ಇರುವ ಗೋಡೆಯಿಂದ ದೂರ. ನುಡಿಸಿದ ಮೇಲೆ ಗಟ್ಟಾ ತುಸು ಮೇಲಕ್ಕೆ ಸರಿಸಿ ಬಾರಿನ ಬಿಗಿ ಇಳಿಸಿ.

ತಂಬೂರಿ ಒಯ್ಯಬೇಡಿ ಅಂತಲೇ ನನ್ನ ಸಲಹೆ. ಕುಂಬಳದ ಬುರುಡೆಗೂ ದಂಡಿಗೂ ಕೂಡುವ ಕಡೆಯೇ ಬಿರುಕು ಬೀಳುತ್ತದೆ, ಮೀರಜ್ ಕೆಲಸದವರು ಅಲ್ಲಿಲ್ಲ. ಶ್ರುತಿ ಪೆಟ್ಟಿಗೆ ಅಥವಾ ಮೊಬೈಲ್ ತಂಬೂರಿ, ಒಂದು ಒಳ್ಳೆ ಸ್ಪೀಕರ್ ಸಾಕು. ಪೆಟ್ಟಿಗೆಯ ಅಡಾಪ್ಟರ್ ಮೇಲೆ 100–240 ವೋಲ್ಟ್ ಅಂತ ಬರೆದಿದೆಯೇ ನೋಡಿ. ಬರೀ 230 ಇದ್ದರೆ ಅಮೆರಿಕದಲ್ಲಿ ಕೆಲಸ ಮಾಡದು, ಅಲ್ಲಿ 120.

ಸಾಧನಕೇರಿ
ತಬಲಾ ಅವರ ಮಾತಿಗೆ ಒಂದು ಶ್ರುತಿ ವಿಷಯ. ಅಲ್ಲಿ ಗೆಳ್ಯಾರು ಪಿಯಾನೊ, ಆರ್ಗನ್ ಜೋಡಿ ಹಾಡು ಅಂತಾರ. ಪಿಯಾನೊದ ಗಾಂಧಾರ ಷಡ್ಜದಿಂದ 400 ಸೆಂಟ್ಸ್ (ಸ್ವರದ ಅಂತರ ಅಳಿಯೋ ಮಾನ). ತಂಬೂರಿ ಜೋಡಿ ನಾವು ಹಚ್ಚೋ ಶುದ್ಧ ಗಾಂಧಾರ 386. ಕಿರಾಣಾ ಘರಾಣೆಯ ಗಾಯನ ಶೈಲಿ ಕಲ್ತ ಗಂಟಲಿಗೆ ಈ 14 ಸೆಂಟ್ಸ್ ಚುಚ್ಚತದ. ಯಮನ್, ಭೂಪ ಹಾಡೋದಾದ್ರ ಪಿಯಾನೊದವರಿಗೆ ಗಾಂಧಾರ ಬಿಟ್ಟು ಷಡ್ಜ, ಪಂಚಮ ಅಷ್ಟೇ ಹಿಡೀರಿ ಅಂತ ಹೇಳ್ರಿ, ತೊಂದರಿ ತೀರ್ತದ.

ಆರ್ಗನ್‌ದ್ದು ಇನ್ನೊಂದು ನಮೂನಿ. ಕೊಳವಿಯೊಳಗಿನ ಗಾಳಿ ತಣ್ಣಗಾದ್ರ ಸ್ವರ ಇಳೀತದ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 3 ಸೆಂಟ್ಸ್. 20 ಡಿಗ್ರಿಗೆ ಶ್ರುತಿ ಮಾಡಿದ ಆರ್ಗನ್ 10 ಡಿಗ್ರಿ ಚರ್ಚಿನ್ಯಾಗ 30 ಸೆಂಟ್ಸ್ ಕೆಳಗ ಕೂಡ್ತದ. ಆರ್ಗನ್ ಏರಸಾಕ ಬರೂದಿಲ್ಲ, ನಿಮ್ಮ ಮೊಬೈಲ್ ತಂಬೂರಿನ ಇಳಸ್ರಿ.

ಮುರುಘಾಮಠ_ಓಣಿ
ಜರ್ಮನಿಗೆ ಹೋಗುವವರಿಗೆ. ಲೈಪ್‌ಜಿಗ್‌ನ ಥಾಮಸ್ ಚರ್ಚಿನಲ್ಲಿ ಜರ್ಮನ್ ಸಂಗೀತ ರಚನಕಾರ ಬಾಖ್ 1723ರಿಂದ 1750ರವರೆಗೆ, ಸಾಯುವ ತನಕ, ಸಂಗೀತದ ಮುಖ್ಯಸ್ಥನಾಗಿದ್ದ. ಅಲ್ಲಿನ ಹುಡುಗರ ಕಾಯರ್ 1212ರಿಂದ ಇದೆ. ಶುಕ್ರವಾರ ಸಂಜೆ 6ಕ್ಕೆ, ಶನಿವಾರ ಮಧ್ಯಾಹ್ನ 3ಕ್ಕೆ ಮೊಟೆಟ್ (ಕಾಯರ್ ಗಾಯನದ) ಆರಾಧನೆ. ಕೆಲವೇ ಯುರೋ ಕೊಟ್ಟು ಬಾಗಿಲಲ್ಲಿ ಕಾರ್ಯಕ್ರಮ ಪತ್ರಿಕೆ ಕೊಂಡರೆ ಅದೇ ಪ್ರವೇಶ. ಶಾಲೆಗೆ ರಜೆ ಇದ್ದಾಗ ಆ ಹುಡುಗರು ಇರುವುದಿಲ್ಲ, ಮೊದಲೇ ನೋಡಿ ಹೋಗಿ. ಗಾಯಕರು ಹಿಂದಿನ ಮೇಲ್ಗಡೆ ಆರ್ಗನ್ ಬಳಿ ನಿಲ್ಲುತ್ತಾರೆ. ಮುಂದೆ ಕೂತವರಿಗೆ ಧ್ವನಿ ಬೆನ್ನಿನ ಕಡೆಯಿಂದ ಬರುತ್ತದೆ, ತಿರುಗಿ ತಿರುಗಿ ನೋಡಬೇಡಿ.

ಊರಿಗೆ ಮುಟ್ಟಿದ ಮೇಲೆ ವಿಳಾಸ ನೋಂದಣಿಯ ಅರ್ಜಿಯಲ್ಲಿ ಧರ್ಮದ ಕಾಲಂ ಇರುತ್ತದೆ. ಇದು ಕ್ರೈಸ್ತ ವಿದ್ಯಾರ್ಥಿಗಳಿಗೆ ಮುಖ್ಯ. ಪ್ರೊಟೆಸ್ಟೆಂಟ್ ಅಥವಾ ಕ್ಯಾಥೊಲಿಕ್ ಎಂದು ಬರೆದರೆ ಮುಂದೆ ಸಂಬಳದ ಮೇಲೆ ಚರ್ಚ್ ತೆರಿಗೆ ಬೀಳುತ್ತದೆ. ಆದಾಯ ತೆರಿಗೆಯ 8 ಅಥವಾ 9 ಪ್ರತಿಶತ, ಆದಾಯದ್ದಲ್ಲ. ಆದಾಯ ತೆರಿಗೆ ಇಲ್ಲದ ವಿದ್ಯಾರ್ಥಿಗೆ ಅದೂ ಇಲ್ಲ. ತಿಳಿದು ಬರೆಯಿರಿ. ಸುಳ್ಳು ಬರೆಯಿರಿ ಎಂದು ನಾನು ಹೇಳುವುದಿಲ್ಲ.

ರಿಯಾಜಿಗೆ: ರಾತ್ರಿ 10ರಿಂದ ಬೆಳಗ್ಗೆ 6 ಮತ್ತು ಭಾನುವಾರ ಪೂರ್ತಿ ಅಲ್ಲಿ ಮೌನದ ಹೊತ್ತು. ನಸುಕಿನ ಖರ್ಜ (ಮಂದ್ರ ಸ್ವರದ) ಸಾಧನೆ ಮನೆಯಲ್ಲಿ ಆಗದು. ಸಂಗೀತ ವಿಭಾಗವಿರುವ ವಿಶ್ವವಿದ್ಯಾಲಯದಲ್ಲಿ ಅಭ್ಯಾಸದ ಕೋಣೆ ಕೇಳಿ ನೋಡಿ.

ಉಣಕಲ್_ಕೆರಿ
ಟಿಕೆಟ್ ಹಾಲ್‌ಗಳ ಬಗ್ಗೆ ಯಾರೂ ಬರದಿಲ್ಲ, ನಾನ ಲಗೂನ ಹೇಳ್ತೀನಿ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ್ಯಾಗ ಜುಲೈ ನಡುವಿಂದ ಸಪ್ಟೆಂಬರ್ ನಡುವಿನ ತನಕ ಪ್ರಾಮ್ಸ್ ನಡೀತೈತಿ. 1895ರಿಂದ ಇರೋ ಸಂಗೀತ ಉತ್ಸವ. ನಿಂತು ಕೇಳೋ ಟಿಕೆಟ್ ಈಚಿಗೆ 8 ಪೌಂಡ್ ಆಸುಪಾಸು, ಅವತ್ತಿನ ಟಿಕೆಟ್ ಅವತ್ತ ಮುಂಜಾನಿ ಬಿಡತಾರ. ಸಪ್ಟೆಂಬರ್ ಮೊದಲ ವಾರ ಮುಟ್ಟಿದವರಿಗೆ ಕಡೀ ಕಚೇರಿಗಳು ಸಿಗತಾವ. ವಿಯೆನ್ನಾದ ಸ್ಟೇಟ್ ಆಪೆರಾದಾಗೂ ನಿಲ್ಲೋ ಜಾಗ ಅದಾವ. ಕಟಕಟಿಗೆ ಒಂದು ಸ್ಕಾರ್ಫ್ ಕಟ್ಟಿದ್ರ ಆ ಜಾಗ ನಿಮ್ಮದು, ಎಲ್ಲಾರೂ ಮರ್ಯಾದಿ ಕೊಡತಾರ. ಬರ್ಲಿನ್ ಫಿಲ್‌ಹಾರ್ಮನಿಯಲ್ಲಿ ವಾದ್ಯವೃಂದದ ಹಿಂದಿನ ಪೋಡಿಯಮ್ ಆಸನ ಅಗ್ಗ, ವಾದ್ಯವೃಂದ ನಡಸೋ ಕಂಡಕ್ಟರ್ ಮುಖ ನೇರ ಕಾಣತೈತಿ. ಕಾಯರ್ ಇರೋ ದಿನ ಆ ಆಸನ ಮಾರೂದಿಲ್ಲ.

ಚಪ್ಪಾಳಿ: ಸಿಂಫನಿಗೆ ಸಾಮಾನ್ಯವಾಗಿ ನಾಲ್ಕು ಭಾಗ. ನಡುವ ನಿಂತಾಗ ಹೊಡೀಬ್ಯಾಡ್ರಿ. ಕಂಡಕ್ಟರ್ ಕೈ ಪೂರ್ತಿ ಕೆಳಗ ಇಳಿದ ಮ್ಯಾಲ ಹೊಡೀರಿ. ‘ವಾಹ್’, ‘ಕ್ಯಾ ಬಾತ್’ ಎಲ್ಲಾ ನಮ್ಮ ಕುಂದಗೋಳದ ವಾಡೇದ ಕಚೇರ್ಯಾಗ ಚಂದ, ಅಲ್ಲಿ ಬಾಯಿ ಮುಚ್ಚಿ ಕೇಳೋದ ದಾದ್ (ಮೆಚ್ಚುಗಿ). ತಡಾ ಆಗಿ ಬಂದವರನ್ನ ಒಂದು ಕೃತಿ ಮುಗಿಯೋ ತನಕ ಹೊರಗ ನಿಲ್ಲಸ್ತಾರ.

ಹಾನಗಲ್_ರಸ್ತೆ
ಹಿಂದೂಸ್ತಾನಿಯೇ ಬೇಕೆಂದರೆ?

ನವಲಗುಂದ_ನಾಕಾ
ಲಂಡನ್ನಿನ್ಯಾಗ ವೆಸ್ಟ್ ಕೆನ್ಸಿಂಗ್ಟನ್ನಿನ ಭಾರತೀಯ ವಿದ್ಯಾ ಭವನ, ಮತ್ತ ದರ್ಬಾರ್ ಸಂಗೀತ ಉತ್ಸವ. ಅಮೆರಿಕದ ಪಶ್ಚಿಮ ಕಡೆ ಸ್ಯಾನ್ ರಫೇಲ್‌ದಾಗ ಅಲಿ ಅಕ್ಬರ್ ಕಾಲೇಜ್. ಆದ್ರ ದಿನಾ, ಪುಕ್ಕಟೆ, ಎದುರಿಗೆ ಕೂತು ರಾಗ ಕೇಳೋ ಜಾಗ ಅಂದ್ರ ಗುರುದ್ವಾರ. ಇದನ್ನ ನಮ್ಮವರು ಮರೀತಾರ. ಸಿಖ್ಖರ ಪವಿತ್ರ ಗ್ರಂಥ ಗುರು ಗ್ರಂಥ ಸಾಹಿಬ್ 31 ರಾಗಗಳ ಪ್ರಕಾರ ಜೋಡಿಸಿದ್ದು. ನಸುಕಿನ್ಯಾಗ ಹೋದ್ರ ‘ಆಸಾ ದೀ ವಾರ್’ ಅನ್ನೋ ಮುಂಜಾನಿ ಕೀರ್ತನಿ ಕೇಳಾಕ ಸಿಗ್ತದ. ತಲಿ ಮ್ಯಾಲ ಅರಿವಿ, ಬೂಟು ಹೊರಗ, ಕೈ ತೊಳೀರಿ, ಗ್ರಂಥಕ್ಕ ಬೆನ್ನು ಮಾಡಿ ಕೂಡಬ್ಯಾಡ್ರಿ, ಅದರ ಕಡೆ ಕಾಲು ಚಾಚಬ್ಯಾಡ್ರಿ. ಕಡಾ ಪ್ರಸಾದ ಎರಡೂ ಕೈಲೆ ತೊಗೋರಿ. ಅಡಗಿ ಸಸ್ಯಾಹಾರ, ಬಡಸಾಕ, ಪಾತ್ರಿ ತೊಳ್ಯಾಕ ಕೈ ಹಚ್ಚಿದ್ರ ಸಂತೋಷ ಪಡ್ತಾರ.

ತಬಲಾ_ಹಾವೇರಿ
ಅಲ್ಲಿ ಸಾಥ್ ಮಾಡುವಾಗ ಒಂದು ಎಚ್ಚರ. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಮನರಂಜನಾ ಕಲಾವಿದರಾಗಿ ದುಡಿಯುವಂತಿಲ್ಲ, ಸ್ವಂತ ಉದ್ಯೋಗವೂ ಇಲ್ಲ. ದೇವಸ್ಥಾನದವರು ಪ್ರೀತಿಯಿಂದ ಕೊಟ್ಟ ಲಕೋಟೆಯೂ ಸಂಭಾವನೆಯೇ. ಮನೆ ಮನೆಗೆ ಪಾಠ ಹೇಳುವುದೂ ಅದೇ ಲೆಕ್ಕ. ಅಮೆರಿಕದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಕ್ಯಾಂಪಸ್ ಹೊರಗೆ ಅನುಮತಿ ಇಲ್ಲದೆ ದುಡಿಯುವಂತಿಲ್ಲ. ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನ ನೌಕರಿ ಮಾಡಬಹುದು, ಆದರೆ ಸ್ವತಂತ್ರವಾಗಿ ಕಾರ್ಯಕ್ರಮ ಕೊಟ್ಟು ದುಡಿಯಲು ವಿದೇಶೀಯರ ಕಚೇರಿಯ ಒಪ್ಪಿಗೆ ಬೇಕು. ಸೇವೆ ಅಂತ ನುಡಿಸಿ, ಹಣ ಮುಟ್ಟಬೇಡಿ. ವೀಸಾ ಹೋದರೆ ಓದೂ ಹೋಯಿತು.

ಹಾನಗಲ್_ರಸ್ತೆ
ಕ್ರಿಸ್ಮಸ್ ರಜೆಯಲ್ಲಿ ಹಾಸ್ಟೆಲ್ ಖಾಲಿಯಾಗುತ್ತದಂತೆ. ಆ ವಾರ ಏನು ಕೇಳಬಹುದು?

ಬೆಟಗೇರಿ_ಕಾಯರ್
ಕಾಲೇಜ್ ಚಾಪೆಲ್‌ಗಳ ಆಗಮನ ಕಾಲದ (ಕ್ರಿಸ್ಮಸ್‌ಗೆ ಮುಂಚಿನ ವಾರಗಳ) ಗೀತಾರಾಧನೆ ನವೆಂಬರ್ ಕೊನೆ, ಡಿಸೆಂಬರ್ ಮೊದಲ ದಿನಗಳಲ್ಲೇ ಮುಗಿಯುತ್ತದೆ. ಮೇಣಬತ್ತಿ ಬೆಳಕಿನಲ್ಲಿ ನಡೆಯುವ ಆ ಆರಾಧನೆಗೆ ನೂಕುನುಗ್ಗಲು, ಕೆಲವು ಕಡೆ ಮೊದಲೇ ಚೀಟಿ ಪಡೆಯಬೇಕು. ಕಿಂಗ್ಸ್ ಚಾಪೆಲ್‌ನ ಒಂಬತ್ತು ಬೈಬಲ್ ಪಾಠಗಳ ಆರಾಧನೆ 1918ರಲ್ಲಿ ಶುರುವಾದದ್ದು, 24ರ ಮಧ್ಯಾಹ್ನ 3ಕ್ಕೆ ಬಿಬಿಸಿ ರೇಡಿಯೊದಲ್ಲಿ ನೇರ ಬರುತ್ತದೆ. ಒಳಗೆ ಜಾಗ ಸಿಗದಿದ್ದರೆ ಅದನ್ನು ಕೇಳಿ.

24ರ ರಾತ್ರಿ 11:30ರ ಸುಮಾರಿಗೆ ಕೆಥೆಡ್ರಲ್‌ಗಳಲ್ಲಿ ನಡುರಾತ್ರಿಯ ಆರಾಧನೆ. ಅದು ಪ್ರಭು ಭೋಜನದ ಆರಾಧನೆ, ಮೇಲೆ ಹೇಳಿದ ಹಾಗೆ ಕೂತಲ್ಲೇ ಇರಬಹುದು. ಒಳಗೂ ಚಳಿ ಇರುತ್ತದೆ, ಕಲ್ಲಿನ ನೆಲದಿಂದ ಕಾಲಿಗೆ ಏರುತ್ತದೆ. ದಪ್ಪ ಕಾಲುಚೀಲ ಎರಡು ಜೊತೆ ಹಾಕಿ. ಮುಗಿಯುವಾಗ ಒಂದು ಗಂಟೆ ಆಗಿರುತ್ತದೆ, ಮತ್ತು 25ರಂದು ಲಂಡನ್ನಿನಲ್ಲಿ ಮೆಟ್ರೊ, ಬಸ್ಸು, ರೈಲು ಏನೂ ಓಡುವುದಿಲ್ಲ. ನಡೆದು ಮನೆ ಮುಟ್ಟುವ ಚರ್ಚನ್ನೇ ಆರಿಸಿಕೊಳ್ಳಿ, ಜೊತೆಗೆ ಇನ್ನೊಬ್ಬರು ಇರಲಿ, ಫೋನ್ ಚಾರ್ಜ್ ಮಾಡಿಕೊಂಡು ಹೊರಡಿ. 25ಕ್ಕೆ ಅಂಗಡಿಗಳೂ ಮುಚ್ಚಿರುತ್ತವೆ. ಹಾಲು, ಬ್ರೆಡ್ಡು, ತರಕಾರಿ 24ರ ಮಧ್ಯಾಹ್ನವೇ ತಂದಿಟ್ಟುಕೊಳ್ಳಿ.